ಬ್ಯಾಂಡ್ ತರಗತಿಯ ಮೊದಲ ವಾರಗಳು: ವಾದ್ಯವನ್ನು ಮಕ್ಕಳ ಕೈಗೆ ಯಾವಾಗ ಕೊಡಬೇಕು?

ಹೊಸ ಬ್ಯಾಂಡ್ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ಇಷ್ಟು ವರ್ಷ ಹಾಡುಗಾರಿಕೆಯನ್ನು ಮಾತ್ರ ಕಲಿಸುತ್ತಿದ್ದ ನನಗೆ ಈ ಸಾಲಿನಲ್ಲಿ ಬ್ಯಾಂಡ್ ತರಗತಿಯ ಹೊಣೆಯನ್ನೂ ವಹಿಸಿದ್ದಾರೆ. ಹತ್ತು ಹನ್ನೊಂದು ವಯಸ್ಸಿನ 34 ಮಕ್ಕಳು, ವಾರಕ್ಕೆ ಮೂರು ದಿನ, ದಿನಕ್ಕೆ 40 ನಿಮಿಷ. ಫ್ಲೂಟ್, ಕ್ಲಾರಿನೆಟ್, ಆಲ್ಟೊ ಸ್ಯಾಕ್ಸೋಫೋನ್, ಟ್ರಂಪೆಟ್, ಹಾರ್ನ್, ಟ್ರೊಂಬೋನ್, ಒಂದು ಟ್ಯೂಬಾ ಮತ್ತು ಡ್ರಮ್ಮುಗಳು ಎಲ್ಲವೂ ಒಂದೇ ಕೊಠಡಿಯಲ್ಲಿ ಇರುತ್ತವೆ. ಮಕ್ಕಳಲ್ಲಿ ಒಬ್ಬರಿಗೂ ಹಿಂದಿನ ಅನುಭವವಿಲ್ಲ. ನಿಜ ಹೇಳಬೇಕೆಂದರೆ ನನಗೂ ಇಲ್ಲ.

ಮೊದಲ ದಿನ ನಾನು ಮಾಡಿದ ತಪ್ಪೆಂದರೆ, ಎಲ್ಲರೂ ಕುಳಿತ ಕೂಡಲೇ "ಪೆಟ್ಟಿಗೆ ತೆರೆಯಿರಿ" ಎಂದದ್ದು. ಐದೇ ನಿಮಿಷದಲ್ಲಿ ಒಬ್ಬ ಹುಡುಗ ಕ್ಲಾರಿನೆಟ್ಟಿನ ಎರಡು ಭಾಗಗಳನ್ನು ತಿರುಚಿ ನಡುವಿನ ಕೀಲಿಯನ್ನು ಬಗ್ಗಿಸಿದ್ದ, ಇನ್ನೊಬ್ಬ ಟ್ರಂಪೆಟ್ಟಿನ ಮೌತ್‌ಪೀಸನ್ನು (ಬಾಯಿಗಿಟ್ಟು ಊದುವ ಭಾಗ) ಅಂಗೈಯಿಂದ ಗುದ್ದಿ ಹೊರಬಾರದಂತೆ ಕೂರಿಸಿದ್ದ, ಒಂದು ಟ್ರೊಂಬೋನಿನ ಸ್ಲೈಡ್ (ಹಿಂದೆ ಮುಂದೆ ಸರಿಯುವ ಕೊಳವೆ) ಜಾರಿ ನೆಲಕ್ಕೆ ಬಡಿದಿತ್ತು. ಇದೆಲ್ಲದರ ನಡುವೆ ಡ್ರಮ್ ಮಕ್ಕಳು ಒಂದು ಕ್ಷಣವೂ ಸುಮ್ಮನಿರಲಿಲ್ಲ. ಗಂಟೆ ಹೊಡೆಯುವ ವೇಳೆಗೆ ಒಂದು ಸರಿಯಾದ ಸ್ವರವೂ ಹೊರಟಿರಲಿಲ್ಲ.

ಈಗ ಎಲ್ಲ ವಾದ್ಯಗಳನ್ನೂ ಕಪಾಟಿಗೆ ಸೇರಿಸಿ ಬೀಗ ಹಾಕಿದ್ದೇನೆ. ಕೆಲವು ವಾರ ವಾದ್ಯ ಕೊಡದೆಯೇ ಪಾಠ ಮಾಡಬೇಕೆ, ಅಥವಾ ಹಾಗೆ ಮಾಡಿದರೆ ಮಕ್ಕಳ ಉತ್ಸಾಹ ಬತ್ತಿಹೋಗುತ್ತದೆಯೆ? ಅನುಭವಸ್ಥರು ದಯವಿಟ್ಟು ತಿಳಿಸಿ.

ಬ್ಯಾಂಡ್ ಮೇಷ್ಟ್ರು

ಮೇಡಂ, ಮೊದಲು ಸಮಾಧಾನ ಮಾಡಿಕೊಳ್ಳಿ. ನೀವು ಬರೆದಿರುವ ಮೂರೂ ಅನಾಹುತಗಳು ನನ್ನ ಮೊದಲ ವರ್ಷದಲ್ಲಿಯೂ ಆಗಿದ್ದವು. ಒಂದೇ ದಿನ ಆಗಿರಲಿಲ್ಲ, ಅಷ್ಟೇ ವ್ಯತ್ಯಾಸ.

ನನ್ನ ಕ್ರಮ ಹೀಗಿದೆ. ಇಡೀ ವಾದ್ಯವನ್ನು ಮೊದಲ ಎರಡು ಮೂರು ವಾರ ಕೊಡುವುದಿಲ್ಲ, ಆದರೆ ಧ್ವನಿ ಹುಟ್ಟುವ ಭಾಗವನ್ನು ಎರಡನೆಯ ದಿನವೇ ಕೊಡುತ್ತೇನೆ. ಫ್ಲೂಟಿನವರಿಗೆ ತಲೆಯ ಕೊಳವೆ, ಕ್ಲಾರಿನೆಟ್ಟಿನವರಿಗೆ ಮೌತ್‌ಪೀಸ್ ಮತ್ತು ಬ್ಯಾರೆಲ್ (ಅದರ ಕೆಳಗಿನ ಗಿಡ್ಡ ತುಂಡು), ಸ್ಯಾಕ್ಸೋಫೋನಿನವರಿಗೆ ಮೌತ್‌ಪೀಸ್ ಮತ್ತು ಕುತ್ತಿಗೆ, ಟ್ರಂಪೆಟ್, ಹಾರ್ನ್, ಟ್ರೊಂಬೋನ್, ಟ್ಯೂಬಾ ಎಂಬ ಹಿತ್ತಾಳೆ ವಾದ್ಯದವರಿಗೆ ಬರಿಯ ಮೌತ್‌ಪೀಸ್. ಇದರ ದೊಡ್ಡ ಅನುಕೂಲವೆಂದರೆ ತುಟಿಯ ಹಿಡಿತ ಸರಿಯಾಗಿದೆಯೇ ಇಲ್ಲವೇ ಎಂಬುದನ್ನು ಕಣ್ಣಿಗಿಂತ ಮೊದಲು ಕಿವಿಯೇ ಹೇಳಿಬಿಡುತ್ತದೆ. ಕ್ಲಾರಿನೆಟ್ಟಿನ ಮೌತ್‌ಪೀಸ್ ಮತ್ತು ಬ್ಯಾರೆಲ್ಲನ್ನು ಮಾತ್ರ ಊದಿದರೆ ಪಿಯಾನೋದ ಎಫ್ ಶಾರ್ಪ್ ಬರಬೇಕು. ಆಲ್ಟೊ ಸ್ಯಾಕ್ಸೋಫೋನಿನ ಮೌತ್‌ಪೀಸ್ ಮತ್ತು ಕುತ್ತಿಗೆಯಲ್ಲಿ ಎ ಫ್ಲ್ಯಾಟ್ ಬರಬೇಕು. ಫ್ಲೂಟಿನ ತಲೆಯ ತುದಿಯನ್ನು ಅಂಗೈಯಿಂದ ಮುಚ್ಚಿ ಊದಿದರೆ ಸುಮಾರು ಎ ಸ್ವರ ಬರುತ್ತದೆ, ತೆರೆದು ಊದಿದರೆ ಅದರ ಮೇಲಿನ ಸ್ಥಾಯಿಯ ಎ. ಸ್ವರ ತಗ್ಗಿದ್ದರೆ ರೀಡ್ (ಮೌತ್‌ಪೀಸಿಗೆ ಕಟ್ಟುವ, ಊದಿದಾಗ ಕಂಪಿಸುವ ತೆಳು ಪಟ್ಟಿ) ಇರುವ ಕ್ಲಾರಿನೆಟ್, ಸ್ಯಾಕ್ಸೋಫೋನ್ ವಾದ್ಯದ ಮಗುವಿನ ತುಟಿ ಸಡಿಲವಾಗಿದೆ ಎಂದರ್ಥ. ಹೆಚ್ಚಿದ್ದರೆ ಮಗು ರೀಡನ್ನು ಕಚ್ಚುತ್ತಿದೆ. ಮೇಜಿನ ಮೇಲೆ ಸ್ವರದ ಎತ್ತರ ತೋರಿಸುವ ಒಂದು ಟ್ಯೂನರ್ ಇಟ್ಟುಕೊಂಡು ಸಾಲಿನುದ್ದಕ್ಕೂ ನಡೆದರೆ ಹತ್ತು ನಿಮಿಷದಲ್ಲಿ ಎಲ್ಲರ ಬಾಯಿಯ ಸ್ಥಿತಿ ನಿಮಗೆ ತಿಳಿಯುತ್ತದೆ.

ಇಡೀ ವಾದ್ಯವನ್ನು ಕೊಟ್ಟ ಮೇಲೆ ಬೆರಳು, ಭಾರ, ಕುಳಿತುಕೊಳ್ಳುವ ರೀತಿ, ನೊಟೇಶನ್ ಎಲ್ಲವೂ ಒಟ್ಟಿಗೆ ಮೇಲೆ ಬೀಳುತ್ತವೆ. ಆಗ ತುಟಿಯನ್ನು ತಿದ್ದಲು ನಿಮಗೂ ಪುರುಸೊತ್ತಿರುವುದಿಲ್ಲ, ಮಗುವಿಗೂ ಇರುವುದಿಲ್ಲ.

ರಿಪೇರಿ ಮೇಜು

ಪಾಠದ ಕ್ರಮವನ್ನು ಶಿಕ್ಷಕರು ಹೇಳಲಿ, ನಾನು ವಾದ್ಯ ದುರಸ್ತಿ ಮಾಡುವವನು. ಸಾಲು ಆರಂಭವಾದ ಮೊದಲ ತಿಂಗಳಿನಲ್ಲಿ ನನ್ನ ಮೇಜಿಗೆ ಬರುವ ಶಾಲಾ ವಾದ್ಯಗಳಲ್ಲಿ ಹೆಚ್ಚಿನವು ಊದಿ ಕೆಟ್ಟವಲ್ಲ, ಜೋಡಿಸುವಾಗ ಕೆಟ್ಟವು.

ಪೆಟ್ಟಿಗೆಯನ್ನು ತೊಡೆಯ ಮೇಲೆ ತೆರೆಯಲು ಬಿಡಲೇಬೇಡಿ, ನೆಲದ ಮೇಲಿಟ್ಟು ಯಾವುದು ಮುಚ್ಚಳದ ಭಾಗವೆಂದು ನೋಡಿದ ಮೇಲೆಯೇ ತೆರೆಯಬೇಕು. ತಲೆಕೆಳಗಾಗಿ ತೆರೆದ ಪೆಟ್ಟಿಗೆಯಿಂದ ವಾದ್ಯ ಉರುಳಿ ಬೀಳುವುದನ್ನು ಪ್ರತಿ ವರ್ಷ ಕೇಳುತ್ತೇನೆ. ಕ್ಲಾರಿನೆಟ್ಟನ್ನು ಜೋಡಿಸುವಾಗ ಮೇಲಿನ ಭಾಗದ ಉಂಗುರಗಳನ್ನು ಬೆರಳುಗಳಿಂದ ಒತ್ತಿ ಹಿಡಿದುಕೊಂಡರೆ ನಡುವಿನ ಸೇತುವೆ ಕೀಲಿ ಮೇಲೇಳುತ್ತದೆ. ಆಗ ಮೆಲ್ಲಗೆ ತಿರುಗಿಸಿದರೆ ಅದು ಕೆಳಗಿನ ಕೀಲಿಗೆ ತಾಗುವುದಿಲ್ಲ. ನಿಮ್ಮ ಹುಡುಗ ಬಗ್ಗಿಸಿದ್ದು ಅದನ್ನೇ. ಹೊಸ ವಾದ್ಯದ ಕಾರ್ಕ್ ಬಿಗಿಯಾಗಿರುವುದರಿಂದ ಮೊದಲ ಕೆಲವು ದಿನ ಕಾರ್ಕಿಗೆ ಗ್ರೀಸ್ ಹಚ್ಚಲೇಬೇಕು, ಇಲ್ಲದಿದ್ದರೆ ಮಕ್ಕಳು ಬಲ ಹಾಕುತ್ತಾರೆ, ಬಲವೆಲ್ಲ ಕೀಲಿಗಳ ಮೇಲೆ ಬೀಳುತ್ತದೆ.

ಟ್ರಂಪೆಟ್ಟಿನ ಮೌತ್‌ಪೀಸನ್ನು ಒಳಗಿಟ್ಟು ಒಂದಿಷ್ಟು ತಿರುಗಿಸಿದರೆ ಸಾಕು, ಗುದ್ದಬಾರದು. ಸಿಕ್ಕಿಕೊಂಡಿರುವುದನ್ನು ದಯವಿಟ್ಟು ಇಕ್ಕಳದಿಂದ ಎಳೆಯಬೇಡಿ. ಇಕ್ಕಳ ತಿರುಚಿದರೆ ಮೌತ್‌ಪೀಸಿನ ಜೊತೆಗೆ ಅದನ್ನು ಹಿಡಿದಿರುವ ಕೊಳವೆಯ ಬೆಸುಗೆಯೂ ಬಿಟ್ಟುಕೊಳ್ಳುತ್ತದೆ. ಅದಕ್ಕೆಂದೇ ಮೌತ್‌ಪೀಸ್ ಪುಲ್ಲರ್ ಎಂಬ ಸಲಕರಣೆ ಇದೆ, ಬ್ಯಾಂಡ್ ಕೊಠಡಿಯಲ್ಲಿ ಒಂದು ಇರಲಿ. ಟ್ರೊಂಬೋನಿನ ಸ್ಲೈಡಿಗೆ ಬೀಗದ ಉಂಗುರವಿದೆ. ನುಡಿಸದಿರುವಾಗ ಅದು ಹಾಕಿಯೇ ಇರಬೇಕು. ಸ್ಲೈಡಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಡೆಂಟ್ ಆದರೂ ಅದು ಸಲೀಸಾಗಿ ಸರಿಯುವುದಿಲ್ಲ.

ಹಿಂದಿನ ಸಾಲಿನ ಟ್ರೊಂಬೋನ್

ಬ್ಯಾಂಡ್ ಮೇಷ್ಟ್ರ ಮಾತನ್ನು ನಾನು ಒಪ್ಪುವುದಿಲ್ಲ. ಮೂರು ವಾರ ಮೌತ್‌ಪೀಸ್ ಹಿಡಿದು ಜೀರುಂಡೆಯಂತೆ ಗುಂಯ್‌ಗುಡುವುದು ದೊಡ್ಡವರಿಗೆ ಶಿಸ್ತಾಗಿ ಕಾಣಬಹುದು, ಹತ್ತು ವರ್ಷದ ಮಗುವಿಗೆ ಅದು ಶಿಕ್ಷೆ. ನನಗೆ ಕಲಿಸಿದವರೊಬ್ಬರು ಪೂರ್ತಿ ಒಂದು ತಿಂಗಳು ಹೀಗೆ ಮಾಡಿಸಿದರು. ನನ್ನ ಪಕ್ಕದಲ್ಲಿ ಕುಳಿತಿದ್ದ ಇಬ್ಬರು ಅಷ್ಟರಲ್ಲಿ ಬ್ಯಾಂಡ್ ಬಿಟ್ಟು ಬೇರೆ ತರಗತಿಗೆ ಹೋಗಿದ್ದರು.

ಅಲ್ಲದೆ ಇದರಲ್ಲಿ ಒಂದು ತಾಂತ್ರಿಕ ತೊಡಕೂ ಇದೆ. ಹಿತ್ತಾಳೆ ವಾದ್ಯದಲ್ಲಿ ತುಟಿ ಒಂಟಿಯಾಗಿ ಕಂಪಿಸುವುದಿಲ್ಲ. ಕೊಳವೆಯೊಳಗಿನ ಗಾಳಿಯ ಕಂಪನ ಹಿಂದಿರುಗಿ ಬಂದು ತುಟಿಗೆ ನೆರವಾಗುತ್ತದೆ. ಬರಿಯ ಮೌತ್‌ಪೀಸಿನಲ್ಲಿ ಆ ನೆರವು ಇಲ್ಲದ ಕಾರಣ ಮಕ್ಕಳು ತುಟಿಯನ್ನು ಬಿಗಿದು, ಒತ್ತಿ, ಹೇಗೋ ಸದ್ದು ಹೊರಡಿಸುತ್ತಾರೆ, ಆಮೇಲೆ ಆ ಬಿಗಿತವನ್ನೇ ವಾದ್ಯಕ್ಕೂ ತರುತ್ತಾರೆ. ಎರಡು ಮೂರು ದಿನ ಮೌತ್‌ಪೀಸ್ ಸಾಕು. ಮೊದಲ ವಾರ ಮುಗಿಯುವುದರೊಳಗೆ ಪ್ರತಿ ಮಗುವೂ ತನ್ನ ಸ್ವಂತ ವಾದ್ಯದಿಂದ ಒಂದು ದೀರ್ಘ ಸ್ವರವನ್ನು ಊದಿರಬೇಕು.

ಬ್ಯಾಂಡ್ ಮೇಷ್ಟ್ರು

ಸರ್, ನಾನು 40 ನಿಮಿಷವೂ ಮೌತ್‌ಪೀಸ್ ಊದಿಸುತ್ತೇನೆಂದು ಎಲ್ಲಿಯೂ ಬರೆದಿಲ್ಲ. ಒಂದು ತರಗತಿಯಲ್ಲಿ ಅದು ಆರೇಳು ನಿಮಿಷ ಮಾತ್ರ. ಮಿಕ್ಕ ಹೊತ್ತಿನಲ್ಲಿ ಉಸಿರು, ತಾಳ, ಹಾಡುವುದು ಮತ್ತು ಜೋಡಿಸಿ ಬಿಚ್ಚುವ ಅಭ್ಯಾಸ ಇರುತ್ತದೆ. ಆದರೆ ಹಿತ್ತಾಳೆಯ ವಿಷಯದಲ್ಲಿ ನಿಮ್ಮ ಮಾತಿನಲ್ಲಿ ಹುರುಳಿದೆ. ಅವರಿಗೆ ಒಂದು ವಾರ, ರೀಡ್ ವಾದ್ಯದವರಿಗೆ ಎರಡು ವಾರ ಎಂದು ನಾನೂ ತಿದ್ದಿಕೊಳ್ಳಬಹುದು.

ಹಿಂದಿನ ಸಾಲಿನ ಟ್ರೊಂಬೋನ್

ಹಾಗಾದರೆ ನಮ್ಮ ಜಗಳ ಒಂದು ವಾರದ್ದು ಮಾತ್ರ.

ತಕದಿಮಿ

ವಾದ್ಯ ಕೊಡದ ದಿನಗಳಲ್ಲಿ ಏನು ಮಾಡಬೇಕೆಂಬುದೇ ನಿಜವಾದ ಪ್ರಶ್ನೆ ಎಂದು ನನಗನಿಸುತ್ತದೆ. ನೀವು ಹಾಡುಗಾರಿಕೆಯ ಶಿಕ್ಷಕಿಯಾಗಿರುವುದು ಇಲ್ಲಿ ಕೊರತೆಯಲ್ಲ, ಬಂಡವಾಳ. ನುಡಿಸಬೇಕಾದದ್ದನ್ನು ಮೊದಲು ಹಾಡಿಸಿ. ಹಾಡಲು ಬಾರದ ಸ್ವರವನ್ನು ಮಗು ಟ್ರಂಪೆಟ್ಟಿನಲ್ಲಿ ಹುಡುಕಲಾರದು, ಏಕೆಂದರೆ ಒಂದೇ ಬೆರಳಿಡುವಿಕೆಯಲ್ಲಿ ಹಲವು ಸ್ವರಗಳು ಹೊರಡುತ್ತವೆ, ಯಾವುದು ಬೇಕೆಂಬುದನ್ನು ಕಿವಿಯೇ ತೀರ್ಮಾನಿಸಬೇಕು.

ತಾಳಕ್ಕಾಗಿ ನೀವು ಹೊಸದೇನನ್ನೂ ಕಲಿಯಬೇಕಾಗಿಲ್ಲ. 1996ರಲ್ಲಿ ಅಮೆರಿಕದ ಸಂಗೀತ ಶಿಕ್ಷಕರು ಪ್ರಕಟಿಸಿದ ಒಂದು ಲಯ ಪಾಠಕ್ರಮದ ಹೆಸರೇ ತಕದಿಮಿ. ನಮ್ಮ ಸೊಲ್ಲುಕಟ್ಟಿನ ಅಕ್ಷರಗಳನ್ನು ಎರವಲು ಪಡೆದು ಕಟ್ಟಿದ್ದು. ಅದರಲ್ಲಿ ಒಂದು ಬಡಿತಕ್ಕೆ 'ತ', ಎರಡು ಸಮಭಾಗವಾದರೆ 'ತ ದಿ', ನಾಲ್ಕಾದರೆ 'ತ ಕ ದಿ ಮಿ', ಮೂರಾದರೆ 'ತ ಕಿ ದ'. ಪಾದದಿಂದ ಬಡಿತ, ಬಾಯಿಂದ ಸೊಲ್ಲು, ಕೈಯಿಂದ ಚಪ್ಪಾಳೆ. ಒಂದು ವಾರ ಇದನ್ನು ಮಾಡಿಸಿದ ಮೇಲೆ ನೊಟೇಶನ್ ತೋರಿಸಿದರೆ, ಮಕ್ಕಳು ತಮಗೆ ಗೊತ್ತಿರುವುದನ್ನೇ ಕಾಗದದ ಮೇಲೆ ಗುರುತಿಸುತ್ತಾರೆ.

ಓದುಗ 7

ಎಲ್ಲ ಸರಿ, ಡ್ರಮ್ ಮಕ್ಕಳನ್ನು ಸುಮ್ಮನಿರಿಸುವುದು ಹೇಗೆ ಎಂಬುದನ್ನು ಯಾರೂ ಹೇಳಲಿಲ್ಲ.

ಕೋಲು ಕೆಳಗಿಡಿ

ಸುಮ್ಮನಿರಿಸುವುದಲ್ಲ, ಅವರಿಗೆ ಕೆಲಸ ಕೊಡುವುದು. ಊದುವ ಮಕ್ಕಳು ಪೆಟ್ಟಿಗೆ ತೆರೆದು, ರೀಡ್ ನೆನೆಸಿ, ಜೋಡಿಸುವ ಐದು ನಿಮಿಷದಲ್ಲಿ ಡ್ರಮ್ ಮಕ್ಕಳಿಗೆ ಬೇರೆ ಕೆಲಸವೇ ಇರುವುದಿಲ್ಲ. ಕೈಯಲ್ಲಿ ಕೋಲು ಕೊಟ್ಟು ಬಾರಿಸಬೇಡ ಎಂದರೆ ಯಾವ ಮಗು ಕೇಳೀತು?

ನಾನು ಮೊದಲ ತಿಂಗಳು ನಿಜವಾದ ಡ್ರಮ್ ಕೊಡುವುದೇ ಇಲ್ಲ. ರಬ್ಬರಿನ ಪ್ರಾಕ್ಟೀಸ್ ಪ್ಯಾಡ್ ಮತ್ತು ಬೆಲ್ ಸೆಟ್ ಕೊಡುತ್ತೇನೆ. ಬೆಲ್ ಸೆಟ್ಟಿನಲ್ಲಿ ಪಟ್ಟಿಗಳು ಪಿಯಾನೋದ ಕ್ರಮದಲ್ಲಿಯೇ ಇರುವುದರಿಂದ ತಾಳದ ಮಕ್ಕಳೂ ಉಳಿದವರೊಂದಿಗೆ ಸ್ವರ ಓದಲು ಕಲಿಯುತ್ತಾರೆ. ಇಲ್ಲದಿದ್ದರೆ ಎರಡು ವರ್ಷ ಕಳೆದ ಮೇಲೆಯೂ ಅವರಿಗೆ ಸ್ವರ ಓದಲು ಬಾರದು. ಉಳಿದವರು ಜೋಡಿಸುವ ಹೊತ್ತಿನಲ್ಲಿ ಇವರು ನಿಧಾನ ಗತಿಯಲ್ಲಿ ಬಲ, ಎಡ, ಬಲ, ಎಡ ಎಂದು ಪ್ಯಾಡಿನ ಮೇಲೆ ಬಡಿಯುತ್ತಿರಬೇಕು. ಎರಡು ಕೋಲುಗಳೂ ಒಂದೇ ಎತ್ತರಕ್ಕೆ ಏಳುತ್ತಿವೆಯೇ ಎಂದು ಪಕ್ಕದವರು ನೋಡುತ್ತಿರಬೇಕು. ನಾನು ಕೈ ಎತ್ತಿದರೆ ಕೋಲುಗಳು ಪ್ಯಾಡಿನ ಮೇಲೆ ಮಲಗಬೇಕು. ಅದೊಂದೇ ನಿಯಮ.

ಮತ್ತೊಂದು ಮಾತು, 34 ಮಕ್ಕಳಲ್ಲಿ ಡ್ರಮ್ಮಿಗೆ ನಾಲ್ಕೈದು ಮಂದಿಗಿಂತ ಹೆಚ್ಚು ಬೇಡ. ಕೇಳಿದವರಿಗೆಲ್ಲ ಕೊಟ್ಟರೆ ನಿಮಗೆ ಟ್ಯೂಬಾ ನುಡಿಸುವವರೇ ಸಿಗುವುದಿಲ್ಲ. ಮುಚ್ಚಿದ ಕೊಠಡಿಯಲ್ಲಿ ಶಬ್ದದ ಮಟ್ಟವನ್ನೂ ಗಮನಿಸಿ. ದಿನಕ್ಕೆ 8 ಗಂಟೆ ಕೇಳುವ ಶಬ್ದಕ್ಕೆ 85 ಡೆಸಿಬೆಲ್ ಮಿತಿ ಎಂದು ವೃತ್ತಿ ಸುರಕ್ಷತೆಯ ಶಿಫಾರಸಿದೆ, ಅದರ ಮೇಲೆ ಪ್ರತಿ 3 ಡೆಸಿಬೆಲ್ಲಿಗೂ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. ಕಿವಿ ನಿಮ್ಮದೂ ಹೌದು.

ಹೊಸ ಬ್ಯಾಂಡ್ ಶಿಕ್ಷಕಿ

ಎಲ್ಲರಿಗೂ ಧನ್ಯವಾದಗಳು. ನಾಚಿಕೆ ಬಿಟ್ಟು ಇನ್ನೊಂದು ಪ್ರಶ್ನೆ ಕೇಳುತ್ತೇನೆ. ಮೊದಲ ದಿನದ ಕೊನೆಯಲ್ಲಿ ಎಲ್ಲರೂ ಬೆರಳಿಡುವ ಕ್ರಮದ ಪಟ್ಟಿಯನ್ನು ನೋಡಿಕೊಂಡು ಸಿ ಸ್ವರ ಊದಿರೆಂದು ಹೇಳಿದಾಗ ಕಿವಿ ಮುಚ್ಚಿಕೊಳ್ಳುವಂತಹ ಸದ್ದು ಬಂತು. ಮಕ್ಕಳು ತಪ್ಪು ಬೆರಳಿಟ್ಟರೆಂದು ಗದರಿದೆ. ಮನೆಗೆ ಬಂದು ಓದಿದ ಮೇಲೆ ತಪ್ಪು ನನ್ನದೇ ಇರಬಹುದೆಂಬ ಅನುಮಾನ ಬಂದಿದೆ.

ರೀಡ್ ಕಚ್ಚಿದವಳು

ಅನುಮಾನವೇ ಬೇಡ, ತಪ್ಪು ನಿಮ್ಮದೇ! ಮಕ್ಕಳು ಸರಿಯಾಗಿಯೇ ಊದಿದ್ದಾರೆ.

ಹಾಡುವವರಾದ ನಿಮಗೆ ಇದನ್ನು ಹೀಗೆ ಹೇಳಿದರೆ ಕೂಡಲೇ ಹೊಳೆಯುತ್ತದೆ. ಒಬ್ಬೊಬ್ಬ ಗಾಯಕರ ಶ್ರುತಿ ಬೇರೆಯಾಗಿದ್ದರೂ ಎಲ್ಲರೂ ತಮ್ಮ ಆಧಾರ ಸ್ವರವನ್ನು 'ಸ' ಎಂದೇ ಕರೆಯುತ್ತಾರಲ್ಲವೇ? ವಾದ್ಯಗಳೂ ಹಾಗೆಯೇ. ಟ್ರಂಪೆಟ್ ಮತ್ತು ಕ್ಲಾರಿನೆಟ್ ತಮ್ಮ ಸಿ ಊದಿದರೆ ಪಿಯಾನೋದ ಬಿ ಫ್ಲ್ಯಾಟ್ ಕೇಳಿಸುತ್ತದೆ. ಆಲ್ಟೊ ಸ್ಯಾಕ್ಸೋಫೋನಿನ ಸಿ ಎಂದರೆ ಇ ಫ್ಲ್ಯಾಟ್, ಹಾರ್ನಿನ ಸಿ ಎಂದರೆ ಎಫ್. ಫ್ಲೂಟ್, ಟ್ರೊಂಬೋನ್, ಟ್ಯೂಬಾಗಳಿಗೆ ಸಿ ಎಂದರೆ ಸಿ ಸ್ವರವೇ. ನೀವು ಒಂದೇ ಮಾತಿನಲ್ಲಿ ನಾಲ್ಕು ಸ್ವರಗಳನ್ನು ಒಟ್ಟಿಗೆ ಕೇಳಿದ್ದೀರಿ, ಮಕ್ಕಳು ಪ್ರಾಮಾಣಿಕವಾಗಿ ಕೊಟ್ಟಿದ್ದಾರೆ.

ಆದ್ದರಿಂದ ಬ್ಯಾಂಡಿನಲ್ಲಿ 'ಕನ್ಸರ್ಟ್ ಬಿ ಫ್ಲ್ಯಾಟ್' ಎಂದು ಹೇಳುತ್ತೇವೆ. ಹಾಗೆಂದಾಗ ಕ್ಲಾರಿನೆಟ್ ಮತ್ತು ಟ್ರಂಪೆಟ್ ಸಿ ಊದಬೇಕು, ಆಲ್ಟೊ ಸ್ಯಾಕ್ಸೋಫೋನ್ ಜಿ, ಹಾರ್ನ್ ಎಫ್, ಉಳಿದವರು ಬಿ ಫ್ಲ್ಯಾಟ್. ಟ್ರೊಂಬೋನಿನಲ್ಲಿ ಅದು ಸ್ಲೈಡನ್ನು ಪೂರ್ತಿ ಒಳಗೆಳೆದುಕೊಂಡ ಒಂದನೆಯ ಸ್ಥಾನ. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಗದರಿದ್ದಕ್ಕೆ ಮಕ್ಕಳಿಗೆ ಒಂದು ಮಾತು ಹೇಳಿಬಿಡಿ, ಅವರು ಅದನ್ನು ಮರೆತಿರುವುದಿಲ್ಲ.

ಹಾರ್ನ್ ಪರ ವಕೀಲ

ಎಲ್ಲರೂ ಹಾರ್ನನ್ನು ಮರೆಯುತ್ತಾರೆ, ಹಾಗಾಗಿ ನಾನು ವಾದಿಸಲೇಬೇಕು. ಆರಂಭಿಕ ಪುಸ್ತಕಗಳು ಸಾಮಾನ್ಯವಾಗಿ ಕನ್ಸರ್ಟ್ ಬಿ ಫ್ಲ್ಯಾಟಿನಿಂದ ಎಫ್‌ವರೆಗಿನ ಐದು ಸ್ವರಗಳಿಂದ ಆರಂಭವಾಗುತ್ತವೆ. ಕ್ಲಾರಿನೆಟ್ಟಿಗೂ ಟ್ರಂಪೆಟ್ಟಿಗೂ ಅದು ಹಿತವಾದ ಜಾಗ. ಹಾರ್ನಿಗೆ ಮಾತ್ರ ಅದು ಬರಹದಲ್ಲಿ ಎಫ್‌ನಿಂದ ಸಿ ತನಕ ಆಗುತ್ತದೆ. ಮೇಲಿನ ಸ್ಥಾಯಿಯಲ್ಲಿ ಹಿಡಿದರೆ ಹೊಸಬರ ತುಟಿಗೆ ಎತ್ತರ, ಕೆಳಗೆ ಹಿಡಿದರೆ ಮಂಕು. ಹಾರ್ನಿನ ಕೊಳವೆ ಉದ್ದವಾಗಿದ್ದು ಮೇಲಿನ ಸ್ವರಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ, ಮಗು ಬಯಸಿದ ಸ್ವರದ ಬದಲು ಪಕ್ಕದ ಸ್ವರ ಹೊರಡುತ್ತದೆ. ಹಾರ್ನಿನ ಮಕ್ಕಳಿಗೆ ಮೊದಲ ತಿಂಗಳು ತಮ್ಮ ಸಿ ಇಂದ ಜಿ ತನಕ ಪ್ರತ್ಯೇಕವಾಗಿ ಅಭ್ಯಾಸ ಮಾಡಿಸಿ, ಊದುವ ಮೊದಲು ಪ್ರತಿ ಸ್ವರವನ್ನೂ ಹಾಡಿಸಿ. ಇಲ್ಲದಿದ್ದರೆ ತಮಗೆ ಕಿವಿಯೇ ಇಲ್ಲವೆಂದು ಅವರು ನಂಬಿಬಿಡುತ್ತಾರೆ.

ಒಬ್ಬ ತಾಯಿ

ನಾನು ಶಿಕ್ಷಕಿಯಲ್ಲ, ಕ್ಲಾರಿನೆಟ್ ಕಲಿಯುತ್ತಿರುವ ಹುಡುಗಿಯ ತಾಯಿ. ಮನೆಯಲ್ಲಿ ಎಷ್ಟು ಹೊತ್ತು ಅಭ್ಯಾಸ ಮಾಡಿಸಬೇಕೆಂದು ನಮಗೆ ಯಾರೂ ತಿಳಿಸಿಲ್ಲ. ಅವಳು ಊದಿದಾಗ ನಡುನಡುವೆ ಬಾಗಿಲು ಕಿರುಗುಟ್ಟಿದಂತಹ ಸದ್ದು ಬರುತ್ತದೆ, ಅವಳು ಅಳುತ್ತಾಳೆ. ವಾದ್ಯವೇ ಕೆಟ್ಟಿದೆಯೆ?

ರೀಡ್ ಕಚ್ಚಿದವಳು

ಅಮ್ಮಾ, ನೂರಕ್ಕೆ ತೊಂಬತ್ತು ಸಲ ವಾದ್ಯ ಕೆಟ್ಟಿರುವುದಿಲ್ಲ. ಮೊದಲು ರೀಡ್ ನೋಡಿ. ರೀಡಿನ ತುದಿ ಮೌತ್‌ಪೀಸಿನ ತುದಿಗೆ ಸಮವಾಗಿ, ಕೂದಲೆಳೆಯಷ್ಟು ಕಪ್ಪು ಅಂಚು ಮಾತ್ರ ಕಾಣುವಂತೆ, ಎರಡು ಬದಿಯಲ್ಲೂ ಸರಿಯಾಗಿ ಕುಳಿತಿರಬೇಕು. ತುದಿ ಒಡೆದಿದ್ದರೆ ಅದನ್ನು ಎಸೆಯಿರಿ. ಆರಂಭದವರಿಗೆ 2 ಅಥವಾ 2½ ಸಂಖ್ಯೆಯ ರೀಡ್ ಸಾಕು, ಮೂರು ನಾಲ್ಕನ್ನು ಇಟ್ಟುಕೊಂಡು ದಿನಕ್ಕೊಂದರಂತೆ ಬದಲಾಯಿಸುತ್ತಿರಿ.

ರೀಡ್ ಸರಿಯಿದ್ದರೆ ಬೆರಳುಗಳ ಕಡೆಗೆ ಬನ್ನಿ. ಒಂದು ದೀರ್ಘ ಸ್ವರ ಊದಿಸಿ, ಆ ಕೂಡಲೇ ಮಗಳ ಬೆರಳುಗಳನ್ನು ತಿರುಗಿಸಿ ನೋಡಿ. ರಂಧ್ರದ ಅಂಚಿನ ಅಚ್ಚು ಬೆರಳಿನ ಮೆತ್ತಗಿನ ಭಾಗದ ಮೇಲೆ ಪೂರ್ತಿ ವೃತ್ತವಾಗಿ ಮೂಡಿದ್ದರೆ ಬೆರಳು ಸರಿಯಾಗಿ ಮುಚ್ಚುತ್ತಿದೆ. ಅರ್ಧಚಂದ್ರ ಮೂಡಿದ್ದರೆ ಅಲ್ಲಿಯೇ ಗಾಳಿ ಸೋರುತ್ತಿದೆ. ಹೆಚ್ಚಿನ ಮಕ್ಕಳಿಗೆ ಅದು ಬಲಗೈಯ ಉಂಗುರ ಬೆರಳು. ಬಲಗೈಯ ತೋರುಬೆರಳಿನ ಬದಿ ಪಕ್ಕದ ಕೀಲಿಗಳಿಗೆ ತಾಗುತ್ತಿದ್ದರೂ ಇದೇ ಸದ್ದು ಬರುತ್ತದೆ.

ಅಭ್ಯಾಸ ದಿನಕ್ಕೆ 15 ನಿಮಿಷ ಸಾಕು, ಆದರೆ ದಿನವೂ ಆಗಬೇಕು. ವಾರಾಂತ್ಯದಲ್ಲಿ ಒಂದೇ ಸಲಕ್ಕೆ ಒಂದೂವರೆ ಗಂಟೆ ಕುಳ್ಳಿರಿಸಿದರೆ ತುಟಿಯ ಸ್ನಾಯು ದಣಿದು ಕಚ್ಚುವ ಅಭ್ಯಾಸ ಬೆಳೆಯುತ್ತದೆ. ನನ್ನ ಹೆಸರು ಹೇಗೆ ಬಂತೆಂದು ಈಗ ತಿಳಿಯಿತಲ್ಲ?

ಒಬ್ಬ ತಾಯಿ

ಅರ್ಧಚಂದ್ರ. ಬಲಗೈಯ ಉಂಗುರ ಬೆರಳೇ. ಈಗ ಅವಳು ನನ್ನ ಬೆರಳನ್ನೂ ರಂಧ್ರದ ಮೇಲಿಟ್ಟು ಪರೀಕ್ಷೆ ಮಾಡುತ್ತಿದ್ದಾಳೆ.

ಓದುಗ 7

ತುಟಿ ದಪ್ಪಗಿರುವವರಿಗೆ ಟ್ರೊಂಬೋನ್, ತೆಳ್ಳಗಿರುವವರಿಗೆ ಫ್ಲೂಟ್ ಎಂದು ಆರಿಸಿಕೊಡಬೇಕೆಂದು ಕೇಳಿದ್ದೇನೆ. ಅದು ನಿಜವೇ?

ಬ್ಯಾಂಡ್ ಮೇಷ್ಟ್ರು

ಅದನ್ನು ಶಾಸ್ತ್ರದಂತೆ ನಂಬಬೇಡಿ. ದೇಹದ ರಚನೆ ಒಂದಿಷ್ಟು ಲೆಕ್ಕಕ್ಕೆ ಬರುತ್ತದೆ: ಮೇಲ್ದುಟಿಯ ನಡುವೆ ಹನಿಯಂತೆ ಇಳಿದ ಭಾಗವಿದ್ದರೆ ಫ್ಲೂಟಿನ ಗಾಳಿ ಎರಡಾಗಿ ಸೀಳುವ ತೊಂದರೆ ಇರುತ್ತದೆ, ಬೆರಳು ತೀರ ಸಣ್ಣದಿದ್ದರೆ ಕ್ಲಾರಿನೆಟ್ಟಿನ ರಂಧ್ರ ಮುಚ್ಚುವುದಿಲ್ಲ, ತೋಳು ಗಿಡ್ಡವಿದ್ದರೆ ಟ್ರೊಂಬೋನಿನ ಆರು, ಏಳನೆಯ ಸ್ಥಾನ ಎಟುಕುವುದಿಲ್ಲ. ಆದರೆ ಮೊದಲ ವರ್ಷದಲ್ಲಿ ಏಳನೆಯ ಸ್ಥಾನದ ಅಗತ್ಯವೇ ಬೀಳುವುದು ಅಪರೂಪ, ಬೆರಳು ಬೆಳೆಯುತ್ತದೆ. ಪ್ರತಿ ಮಗುವಿಗೆ ಮೂರು ನಾಲ್ಕು ವಾದ್ಯಗಳನ್ನು ಐದೈದು ನಿಮಿಷ ಊದಿಸಿ ನೋಡಿ, ಎರಡು ಆಯ್ಕೆಗಳನ್ನು ಬರೆಸಿಕೊಳ್ಳಿ. ಮಗು ತಾನೇ ಬಯಸಿದ ವಾದ್ಯವಾದರೆ ಒಂದಿಷ್ಟು ಅನನುಕೂಲವನ್ನು ತಡೆದುಕೊಳ್ಳುತ್ತದೆ.

ಹೊಸ ಬ್ಯಾಂಡ್ ಶಿಕ್ಷಕಿ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಹಿತ್ತಾಳೆಯವರಿಗೆ ಐದನೆಯ ದಿನದ ಪಾಠದಲ್ಲಿ, ರೀಡಿನವರಿಗೆ ಏಳನೆಯ ದಿನದ ಪಾಠದಲ್ಲಿ ವಾದ್ಯ ಕೊಟ್ಟೆ. ಹೀಗಾಗಿ ಎರಡೂ ಪಕ್ಷದವರ ಮಾತನ್ನು ಉಳಿಸಿದಂತಾಯಿತು. ಪೆಟ್ಟಿಗೆಯನ್ನು ಒಂದು ಸಾಲು ಮುಗಿದ ಮೇಲೆ ಇನ್ನೊಂದು ಸಾಲು ತೆರೆಯುತ್ತದೆ, ಅಷ್ಟು ಹೊತ್ತು ಉಳಿದವರು ತಕದಿಮಿ ಹೇಳುತ್ತಿರುತ್ತಾರೆ. ಸಿ ಸ್ವರದ ವಿಷಯದಲ್ಲಿ ತಪ್ಪು ನನ್ನದೆಂದು ಮಕ್ಕಳಿಗೆ ಹೇಳಿದಾಗ ಟ್ಯೂಬಾ ಹುಡುಗ "ನಾನು ಅವತ್ತೇ ಹೇಳಿದ್ದೆ ಮಿಸ್" ಎಂದ. ಅವನು ನಿಜವಾಗಿಯೂ ಹೇಳಿದ್ದ. ನಿನ್ನೆ ಕನ್ಸರ್ಟ್ ಬಿ ಫ್ಲ್ಯಾಟ್ ಎಂದಾಗ ಎಂಟು ಬಡಿತಗಳ ಕಾಲ ಒಂದೇ ಸ್ವರ ಕೊಠಡಿಯಲ್ಲಿ ನಿಂತಿತು. ಹಾರ್ನಿನವರಲ್ಲಿ ಒಬ್ಬಳು ಪಕ್ಕದ ಸ್ವರ ಹಿಡಿದಿದ್ದಳು, ಮೂರನೆಯ ಬಡಿತಕ್ಕೆ ತಾನಾಗಿಯೇ ಸರಿಮಾಡಿಕೊಂಡಳು.

ಒಂದೇ ಒಂದು ಸಮಸ್ಯೆ ಉಳಿದಿದೆ. ಒಂದು ಟ್ರಂಪೆಟ್ಟಿನಲ್ಲಿ ಎಷ್ಟು ಊದಿದರೂ ಗಾಳಿಯೇ ಮುಂದೆ ಹೋಗುವುದಿಲ್ಲ, ಗೋಡೆಗೆ ಊದಿದಂತಾಗುತ್ತದೆ. ಮೊನ್ನೆಯವರೆಗೂ ಚೆನ್ನಾಗಿತ್ತು. ಒಳಗೆ ಏನಾದರೂ ಸಿಕ್ಕಿಕೊಂಡಿದೆಯೆ?

ರಿಪೇರಿ ಮೇಜು

ಮೊನ್ನೆ ಆ ಹುಡುಗ ಬೆರಳಿನಿಂದ ಒತ್ತುವ ವಾಲ್ವಿಗೆ ಎಣ್ಣೆ ಹಾಕಿದನೇ ಎಂದು ಕೇಳಿ. ಮೂರು ವಾಲ್ವುಗಳನ್ನೂ ಒಟ್ಟಿಗೆ ಹೊರತೆಗೆದು, ಹಿಂದೆ ಹಾಕುವಾಗ ಅದಲುಬದಲು ಮಾಡಿರುತ್ತಾನೆ. ಪ್ರತಿ ವಾಲ್ವಿನ ಮೇಲೆ 1, 2, 3 ಎಂದು ಕೆತ್ತಿರುತ್ತದೆ. ಊದುವವರಿಗೆ ಹತ್ತಿರವಿರುವುದು 1. ತೆಗೆದು ಸಂಖ್ಯೆ ನೋಡಿ, ಸರಿಯಾದ ಮನೆಗೆ ಇಳಿಸಿ, ಟಕ್ ಎಂದು ಕೂರುವವರೆಗೆ ಮೆಲ್ಲಗೆ ತಿರುಗಿಸಿ. ಇನ್ನು ಮುಂದೆ ಒಂದು ಸಲಕ್ಕೆ ಒಂದೇ ವಾಲ್ವನ್ನು ಅರ್ಧದಷ್ಟು ಮಾತ್ರ ಎತ್ತಿ ಎಣ್ಣೆ ಹಾಕಲು ಹೇಳಿ.

ಹೊಸ ಬ್ಯಾಂಡ್ ಶಿಕ್ಷಕಿ

1 ಮತ್ತು 3 ಅದಲುಬದಲಾಗಿದ್ದವು. ಈಗ ಊದುತ್ತಿದೆ. ಎಣ್ಣೆ ಹಾಕಿದ್ದು ಹುಡುಗನಲ್ಲ, ನಾನು.